ಹೊರಸಿನ ಮೇಲೆ ಮಲಗಿದ್ದ ಕಿವಿ

ಗದಗಿನಲ್ಲಿ ನನ್ನ ಹತ್ತಿರ ಚಿತ್ರ ಕಲಿಯಲು ಬರುವ ಹುಡುಗಿಯೊಬ್ಬಳು ಪೆನ್ಸಿಲ್ ಚಿತ್ರ ತೋರಿಸಿದಳು. ಪಡಸಾಲೆ, ನಡುವೆ ಹೊರಸು, ಅದರ ಮೇಲೆ ಆಳೆತ್ತರದ ಕಿವಿಯೊಂದು ಕೌದಿ ಹೊದ್ದು ಮಲಗಿದೆ. ಕೌದಿಯ ಹೊಲಿಗೆ ಎಣಿಸಬಹುದು, ಅಷ್ಟು ನಿಗಾ ವಹಿಸಿ ಬಿಡಿಸಿದ್ದಳು.

"ನೋಡಿದ್ರ ಅಂಜಿಕಿ ಬರ್ತೈತ್ರಿ ಸರ. ಈಕಿ ತಲ್ಯಾಗ ಏನರ ಹೊಕ್ಕೈತೇನ್ರಿ?" ಅಂದರು ಜೊತೆಗೆ ಬಂದಿದ್ದ ಅವರವ್ವ.

ಇಂಥ ಚಿತ್ರ ಬಂದಾಗ ನಾನು ಅರ್ಥ ಕೇಳುವುದಿಲ್ಲ. ಕೇಳಿದರೆ ಮಕ್ಕಳು ಇಲ್ಲದ ಸಮಜಾಯಿಷಿ ಹುಟ್ಟಿಸುತ್ತಾರೆ. ಕಂಡದ್ದನ್ನು ಕಂಡ ಹಾಗೆ ಬಾಯಿಬಿಟ್ಟು ಹೇಳುತ್ತ ಹೋಗುತ್ತೇನೆ. ಕಿಟಕಿ ಎಡಕ್ಕಿದೆ, ಬೆಳಕು ಅಲ್ಲಿಂದ. ಹೊರಸಿನ ನೆರಳು ಬಲಕ್ಕೆ. ಕಿವಿಯ ನೆರಳು? ಅದು ಬೆಳಕಿನ ಕಡೆಗೇ ಬಿದ್ದಿತ್ತು! ಅಂಜಿಕೆಯ ಬೇರು ಸಿಕ್ಕಿತು. ಕಿವಿ ದೊಡ್ಡದೆಂದು ನಾವು ಅಂಜಿರಲಿಲ್ಲ.

ಇಟಲಿಯ ಚಿತ್ರಕಾರ ಜಾರ್ಜಿಯೊ ದೆ ಕಿರಿಕೊ 1910ರ ದಶಕದಲ್ಲಿ ಬರೆದ, ಊರ ನಡುವಿನ ಖಾಲಿ ಚೌಕಗಳ ಚಿತ್ರಗಳೂ ಹೀಗೆಯೇ ಕಾಡುತ್ತವೆ. ಕಟ್ಟಡಗಳ ಗೆರೆಗಳು ಒಂದೇ ಬಿಂದುವಿಗೆ ಹೋಗಿ ಸೇರುವುದಿಲ್ಲ. ಕಣ್ಣಿಗೆ ತಪ್ಪು ಕಾಣದಿದ್ದರೂ ಮನಸ್ಸು ನಿಲ್ಲುವುದಿಲ್ಲ. 1924ರಲ್ಲಿ ಫ್ರೆಂಚ್ ಕವಿ ಆಂದ್ರೆ ಬ್ರೆತೋ ಪ್ಯಾರಿಸ್ಸಿನಲ್ಲಿ ಸರ್ರಿಯಲಿಸಂ, ಅಂದರೆ ಕನಸು ಮತ್ತು ಒಳಮನಸ್ಸಿನ ತರ್ಕ ಹಿಡಿದು ಹೊರಟ ಕಲಾಪಂಥದ ಪ್ರಣಾಳಿಕೆ ಹೊರಡಿಸಿದ. ಅವನ ಬಳಗಕ್ಕೆ ಈ ಚಿತ್ರಗಳ ಮೇಲೆ ಅಪಾರ ಮೋಹವಿತ್ತು.

ಪೆನ್ಸಿಲ್ಲಿನ ಪಾಲೂ ದೊಡ್ಡದು. ಬಣ್ಣವಿದ್ದರೆ ಕಿವಿ ಬರೀ ಮಾಂಸವಾಗುತ್ತಿತ್ತು. ಬೂದಿನಲ್ಲಿ ಗೋಡೆ, ಕೌದಿ, ಚರ್ಮ ಎಲ್ಲವೂ ಒಂದೇ ಪದಾರ್ಥದಿಂದ ಆದಂತೆ ಕಾಣುತ್ತವೆ.

"ಅಕ್ಕಾರ, ಲಕ್ಕುಂಡಿ ಗುಡಿಯೊಳಗ ಮಕರ ನೋಡೀರಲ್ರಿ? ಆನಿ ಸೊಂಡಿ, ಮೊಸಳಿ ಬಾಯಿ. ಮೈನೇ ಇಲ್ಲದ ಕೀರ್ತಿಮುಖ. ಅದಕ್ಯಾಕ ಅಂಜೂದಿಲ್ಲ?"

"ಅದು ಗುಡೀದಲ್ರಿ."

ಅವರ ಮಾತು ಖರೆ. ಮಕರಕ್ಕೆ ತೋರಣದಲ್ಲಿ ಜಾಗ ಗೊತ್ತಾಗಿ ಶತಮಾನಗಳೇ ಆದವು. ಕಿವಿಗೆ ಹೊರಸಿನ ಮೇಲೆ ಇನ್ನೂ ಯಾರೂ ಜಾಗ ಕೊಟ್ಟಿಲ್ಲ, ಈ ಹುಡುಗಿಯನ್ನು ಬಿಟ್ಟರೆ.

ಮಗುವೊಂದು ತನಗೇ ಗಾಯವಾದಂತೆ ಮತ್ತೆ ಮತ್ತೆ ಬಿಡಿಸಿದರೆ ಮಾತು ಬೇರೆ. ಆಗ ಚಿತ್ರವನ್ನು ಪಕ್ಕಕ್ಕಿಟ್ಟು ಮಗುವಿನ ಜೊತೆ ಕೂಡಬೇಕು, ಮನೆಯವರಿಗೆ ತಿಳಿಸಬೇಕು. ಇಲ್ಲಿ ಹಾಗಿರಲಿಲ್ಲ.

"ಆ ಕಿವಿ ಏನ್ ಕೇಳಾಕತ್ತೈತಿ?" ಅಂದೆ.

"ಗ್ವಾಡಿ ಆಚೆ ಮಾತಾಡ್ತಾರಲ್ರಿ ಸರ, ಅದನ್ನ." ತಡವರಿಸದೆ ಹೇಳಿದಳು.

ಹಾಗಾದರೆ ಗೋಡೆ ಮುಖ್ಯ. ಅವಳು ಎಲ್ಲ ಮೂಲೆಗೂ ಮೆತ್ತನೆಯ, ಗಾಢ ಕಪ್ಪಿನ 6ಬಿ ಪೆನ್ಸಿಲ್ ಒತ್ತಿ ಕಪ್ಪಾಗಿಸಿದ್ದರಿಂದ ಗೋಡೆ ಹಿಂದೆ ಸರಿದುಹೋಗಿತ್ತು. ಹೊರಸಿನ ಕೆಳಗಿನ ಕಪ್ಪನ್ನು ಮೆತ್ತನೆ ರಬ್ಬರಿನಿಂದ ಒತ್ತಿ ತೆಗೆ, ಗೋಡೆಗೆ ಗಟ್ಟಿ ಸೀಸದ, ತಿಳಿ ಗೆರೆಯ 2ಎಚ್‌ನಲ್ಲಿ ಗಾರೆಯ ಬಿರುಕು ಬಿಡಿಸು ಅಂದೆ. ನೆರಳನ್ನೂ ಸರಿಮಾಡಲೇ ಎಂದು ಕೇಳಿದಳು. ಅದನ್ನು ಮಾತ್ರ ಮುಟ್ಟಬೇಡ ಎಂದೆ.