ಶಹಾಬಾದಿ ಪರ್ಸಿಯ ಕೆಳಗೆ ನೆಟ್ಟಗಾದ ಜಾಝ್ ರೆಕಾರ್ಡುಗಳು

ಸೊಟ್ಟಗಾದ ಎಲ್‌ಪಿ ರೆಕಾರ್ಡನ್ನು (ಸೂಜಿಯಿಂದ ನುಡಿಸುವ ಸಂಗೀತದ ತಟ್ಟೆ) ಕಲಬುರಗಿಯ ಬಿಸಿಲಿನಿಂದಲೇ ಸರಿಪಡಿಸುತ್ತೇನೆ ಎಂದಾಗ ಹೈದರಾಬಾದಿನ ಹಿರಿಯ ಸಂಗ್ರಾಹಕರೊಬ್ಬರು ಫೋನಿನಲ್ಲೇ ನಕ್ಕಿದ್ದರು. ಮಾಳಿಗೆಯ ಮೇಲೆ ಪರ್ಸಿ, ಅಂದರೆ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲಿನ ಚಪ್ಪಡಿ, ಹೊಂದಿಸುತ್ತಿದ್ದ ನನ್ನನ್ನು ಕಂಡ ಪಕ್ಕದ ಮನೆಯ ಕಾಕಾ, "ಏನಪಾ, ಬಿಸಲಾಗ ರೊಟ್ಟಿ ಸುಡ್ಲಾಕತ್ತೀಯೇನು?" ಎಂದು ಕೇಳಿದರು. ಮೂರು ಬೇಸಿಗೆಗಳು ಕಳೆದಿವೆ. ಕೈಗೆತ್ತಿಕೊಂಡ ಹದಿನಾಲ್ಕೋ ಹದಿನೈದೋ ರೆಕಾರ್ಡುಗಳಲ್ಲಿ 11 ಈಗ ಸೂಜಿ ಹಾರದೆ ನುಡಿಯುತ್ತಿವೆ. ನಕ್ಕಿದ್ದ ಆ ಹಿರಿಯರೇ ಕಳೆದ ತಿಂಗಳು ತಮ್ಮ ಎರಡು ರೆಕಾರ್ಡುಗಳನ್ನು ನನಗೆ ಕಳಿಸಿಕೊಟ್ಟಿದ್ದಾರೆ.

ಈ ಹುಚ್ಚಿಗೆ ಹಣವೇ ಮೂಲ ಕಾರಣ. ಮುಂಬೈಯ ಚೋರ್ ಬಜಾರಿನಲ್ಲಿ ಅಮೆರಿಕದ ಜಾಝ್ ಸಂಗೀತದ ನೆಟ್ಟಗಿರುವ ರೆಕಾರ್ಡಿಗೆ ಎರಡು ಸಾವಿರದ ಕೆಳಗೆ ಮಾತೇ ಇಲ್ಲ. ಅದೇ ರೆಕಾರ್ಡು ಬಟ್ಟಲಿನಂತೆ ಬಾಗಿದ್ದರೆ 250 ರೂಪಾಯಿಗೆ ಕೊಡುತ್ತಾರೆ. ಪಿಯಾನೊ ವಾದಕ ಡೇವ್ ಬ್ರೂಬೆಕ್ ಅವರ 'ಟೈಮ್ ಔಟ್' ನನಗೆ ಸಿಕ್ಕಿದ್ದು ಹಾಗೆಯೇ. ಆದರೆ ಅದರಲ್ಲಿ ಪಾಲ್ ಡೆಸ್ಮಂಡ್ ಅವರ ಸ್ಯಾಕ್ಸೊಫೋನಿನ ದೀರ್ಘ ಸ್ವರವೆಲ್ಲ ತೊಟ್ಟಿಲು ತೂಗಿದಂತೆ ಏರಿಳಿಯುತ್ತಿತ್ತು. ಅದರಲ್ಲಿನ ಐದು ಮಾತ್ರೆಗಳ ತಾಳದ 'ಟೇಕ್ ಫೈವ್' ಅನ್ನು ಆ ಸ್ಥಿತಿಯಲ್ಲಿ ಕೇಳುವುದು ಶಿಕ್ಷೆಯೇ ಸರಿ.

ಮೊದಲ ಬೇಸಿಗೆ ಪೂರ್ತಿ ನಷ್ಟದ್ದು. ರೆಕಾರ್ಡನ್ನು ಎರಡು ಗಾಜುಗಳ ನಡುವೆ ಇಟ್ಟು ನೇರ ಬಿಸಿಲಿಗೆ ಒಡ್ಡಿದೆ. ರೆಕಾರ್ಡಿನ ಕಪ್ಪು ಪ್ಲಾಸ್ಟಿಕ್ (ವಿನೈಲ್) ಅರ್ಧ ಗಂಟೆಯೊಳಗೆ ಮೆತ್ತಗಾಗಿ, ಅಂಚಿನ ಗೆರೆಗಳೇ ಅಳಿಸಿಹೋದವು. ಎರಡನೆಯದನ್ನು ಗಾಜಿಲ್ಲದೆ ಕಲ್ಲಿನ ನಡುವೆಯೇ ಇಟ್ಟೆ. ಪರ್ಸಿಯ ತರಿತರಿ ಅಚ್ಚೊತ್ತಿದಂತೆ ಅದರ ಮೇಲೆ ಮೂಡಿತು. ಮೂರನೆಯದು ಸರಿಯಾಗಿಯೇ ಚಪ್ಪಟೆಯಾಗಿತ್ತು, ಆದರೆ ಬಿಸಿ ಇರುವಾಗಲೇ ಆತುರದಿಂದ ಹೊರತೆಗೆದೆ; ಸಂಜೆಯೊಳಗೆ ಮೊದಲಿಗಿಂತ ಹೆಚ್ಚು ಸೊಟ್ಟಗಾಯಿತು. ರೆಕಾರ್ಡು, ಗಾಜು, ಓಡಾಟ ಎಲ್ಲ ಸೇರಿ ಮೂರು ಸಾವಿರದಷ್ಟು ಹೋಗಿರಬೇಕು.

ಬಿಸಿಲಿಗೆ ಕಾಯಿಸಬೇಕಾದದ್ದು ರೆಕಾರ್ಡನ್ನಲ್ಲ, ಕಲ್ಲನ್ನು ಎಂಬುದು ಎರಡನೆಯ ಬೇಸಿಗೆಯಲ್ಲಿ ಹೊಳೆಯಿತು. ಒಂದೂಕಾಲು ಅಡಿ ಚೌಕದ ಎರಡು ದಪ್ಪ ಶಹಾಬಾದಿ ಪರ್ಸಿಗಳ ಮೇಲ್ಮೈಗೆ ಕಪ್ಪು ಬಣ್ಣ ಬಳಿದು, ಮೇ ತಿಂಗಳಲ್ಲಿ ಬೆಳಗಿನಿಂದ ಮಾಳಿಗೆಯ ಮೇಲೆ ಇಡುತ್ತೇನೆ. ಥರ್ಮಾಮೀಟರು 55 ಡಿಗ್ರಿಯ ಆಸುಪಾಸು ತೋರಿಸಿದಾಗ ಒಳಗೆ ತಂದು, ಕಲ್ಲು, 10 ಮಿಲಿಮೀಟರ್ ಗಾಜು, ರೆಕಾರ್ಡು, ಮತ್ತೆ ಗಾಜು, ಮತ್ತೆ ಕಲ್ಲು ಎಂಬ ಕ್ರಮದಲ್ಲಿ ಪೇರಿಸಿ, ಮೇಲೊಂದು ಹಳೆಯ ಕೌದಿ ಹೊದಿಸಿ, ಮರುದಿನ ಬೆಳಗಿನವರೆಗೆ ಮುಟ್ಟುವುದಿಲ್ಲ. 60 ದಾಟಿದ ಕಲ್ಲನ್ನು ನೆರಳಿಗೆ ಸರಿಸಿ ಕಾಯಬೇಕು. ಗಾಜಿಗೂ ರೆಕಾರ್ಡಿಗೂ ನಡುವೆ ಒಂದು ಬಗೆಯ ಕಾಗದ ಹಾಕುತ್ತೇನೆ. ಅದು ಯಾವುದೆಂದು ಹೈದರಾಬಾದಿನ ಹಿರಿಯರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಕಲ್ಲು ಪರಿಚಯದವರಿಂದ ಪುಕ್ಕಟೆ ಸಿಕ್ಕಿತು, ಗಾಜಿಗೆ 900 ರೂಪಾಯಿ, ಥರ್ಮಾಮೀಟರಿಗೆ 350.

ಗೆದ್ದೆ ಎಂದುಕೊಂಡ ಹೊತ್ತಿನಲ್ಲೇ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ನನ್ನನ್ನು ಬೆಚ್ಚಿಬೀಳಿಸಿತು. ಹಳೆಯ ಪ್ರತಿ, ಎರಡು ರಾತ್ರಿಗಳಲ್ಲಿ ಚೆನ್ನಾಗಿಯೇ ನೆಟ್ಟಗಾಯಿತು. ಆದರೆ ಮನೆಯ ಹಾರ್ಮೋನಿಯಂಗೆ ಹೋಲಿಸಿದರೆ ಮೊದಲ ಬದಿಯ ಮೂರೂ ಕೃತಿಗಳು ತುಸು ಏರು ಶ್ರುತಿಯಲ್ಲಿದ್ದವು, ಎರಡನೆಯ ಬದಿ ಸರಿಯಾಗಿತ್ತು. ಕಲ್ಲಿನ ಬಿಸಿಗೆ ರೆಕಾರ್ಡು ಕುಗ್ಗಿತೇನೋ ಎಂದು ವಾರವಿಡೀ ನಿದ್ದೆಗೆಟ್ಟೆ. ಕೊನೆಗೆ ತಿಳಿದದ್ದೇ ಬೇರೆ: 1959ರ ಮಾರ್ಚ್ 2ರಂದು ಆ ಮೂರು ಕೃತಿಗಳನ್ನು ದಾಖಲಿಸಿಕೊಂಡ ಟೇಪ್ ಯಂತ್ರ ನಿಧಾನವಾಗಿ ಓಡಿದ್ದರಿಂದ, ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿ ಮಾಡಿದ ರೆಕಾರ್ಡಿನಲ್ಲಿ ಅವು ವೇಗವಾಗಿ, ಏರು ಶ್ರುತಿಯಲ್ಲಿ ಕೇಳಿಸುತ್ತವೆ, ಏಪ್ರಿಲ್ 22ರಂದು ನುಡಿಸಿದ ಎರಡನೆಯ ಬದಿಗೆ ಆ ದೋಷವಿಲ್ಲ, ಮೊದಲ ಬದಿಯನ್ನು ತಿದ್ದಿದ್ದು 1992ರಲ್ಲಿ. ನನ್ನ ಪರ್ಸಿ ನಿರಪರಾಧಿಯಾಗಿತ್ತು. ಈಗ ಆ ಏರು ಶ್ರುತಿಯೇ ನನಗೆ ಇಷ್ಟ, ಹಳೆಯ ಪ್ರತಿಯ ಗುರುತೆಂಬಂತೆ.

ತೊಳೆಯುವುದರಲ್ಲೂ ಕೆಲವು ಪ್ರಯೋಗಗಳಾದವು. ನಮ್ಮ ಬೋರಿನ ಗಡಸು ನೀರು ಒಣಗಿದ ಮೇಲೆ ಗೆರೆಗಳಲ್ಲಿ ಬಿಳಿ ಪುಡಿ ಬಿಡುತ್ತದೆ, ಆದ್ದರಿಂದ ಗ್ಯಾರೇಜಿನಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು (ಆ್ಯಸಿಡ್ ಅಲ್ಲ) ತರುತ್ತೇನೆ. ಅಂಟುವಾಳದ ನೊರೆ ಜಿಡ್ಡನ್ನೇನೋ ತೆಗೆಯಿತು, ಆದರೆ ತಾನೇ ಅಂಟಿಕೊಂಡು ಕುಳಿತಿತು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಕಾಲದ, ಒಡೆದ ತಟ್ಟೆಯೊಂದರ ಮೇಲೆ ಸ್ಪಿರಿಟ್ ಸುರಿದು ನೋಡಿದೆ. ಅದರಲ್ಲಿರುವುದು ಅರಗು, ಕರಗಿ ಕೈಗೆ ಹತ್ತಿತು. ಅಂಥ ತಟ್ಟೆಗಳನ್ನು ಕಲ್ಲಿನ ಕೆಳಗೂ ಇಡಬಾರದು, ಬಿರಿಯುತ್ತವೆ.

ನನ್ನ ಕಲ್ಲಿಗೆ ಇನ್ನೂ ಬಗ್ಗದಿರುವುದು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಂ'. 1964ರ ಡಿಸೆಂಬರ್ 9ರಂದು ದಾಖಲಾದ ಈ ಸಂಗೀತ ಡ್ರಮ್ ವಾದಕ ಎಲ್ವಿನ್ ಜೋನ್ಸ್ ಬಾರಿಸುವ ಜಾಗಟೆಯ ನಾದದಿಂದ ಆರಂಭವಾಗುತ್ತದೆ, ನನ್ನ ಪ್ರತಿಯ ಸೊಟ್ಟವೂ ಸರಿಯಾಗಿ ಆ ಅಂಚಿನಲ್ಲೇ ಇದೆ. ಎರಡು ಸಲ ಕಲ್ಲಿನ ಕೆಳಗಿಟ್ಟೆ. ಸೂಜಿ ಈಗ ಹಾರುವುದಿಲ್ಲ, ಜಾಗಟೆ ಮಾತ್ರ ಇನ್ನೂ ನಡುಗುತ್ತದೆ. ಮೂರನೆಯ ಸಲಕ್ಕೆ ಬರುವ ಮೇ ತಿಂಗಳ ಬಿಸಿಲಿಗಾಗಿ ಕಾಯುತ್ತಿದ್ದೇನೆ.