ಅಳತೆ ಟೇಪನ್ನು ಕೆಳಗಿಟ್ಟು ನಟಿಯ ಆಯ್ಕೆಯನ್ನು ವಿಮರ್ಶಿಸುವ ಬಗೆ

2016ರ ಏಪ್ರಿಲ್‌ನಲ್ಲಿ, ಅದೇ ಹೆಸರಿನ ವಿಡಿಯೊ ಗೇಮನ್ನು ಆಧರಿಸಿದ ‘ಟೂಂಬ್ ರೈಡರ್’ ಚಿತ್ರದ ಸಾಹಸಿ ನಾಯಕಿ ಲಾರಾ ಕ್ರಾಫ್ಟ್ ಪಾತ್ರಕ್ಕೆ ಸ್ವೀಡನ್ನಿನ ಅಲಿಸಿಯಾ ವಿಕಾಂಡರ್ ಆಯ್ಕೆಯಾದ ಸುದ್ದಿ ಬಂದಾಗ, ಅವರು ಪೋಷಕ ನಟಿಯ ಆಸ್ಕರ್ ಪಡೆದು ಎರಡು ತಿಂಗಳಾಗಿತ್ತಷ್ಟೆ. ಆದರೂ 2018ರ ಮಾರ್ಚ್‌ನಲ್ಲಿ ಚಿತ್ರ ತೆರೆ ಕಾಣುವವರೆಗೆ ಹಲವರ ಬಾಯಲ್ಲಿ ಸುತ್ತಾಡಿದ್ದು ಅವರ ನಟನೆಯ ಮಾತಲ್ಲ, ಎದೆಯ ಗಾತ್ರದ ಮಾತು. ಒಬ್ಬ ನಟಿ ಪಾತ್ರಕ್ಕೆ ಹೊಂದುವುದಿಲ್ಲ ಎಂದು ಹೇಳುವ ಹಕ್ಕು ಪ್ರೇಕ್ಷಕರಿಗೆ ಖಂಡಿತ ಇದೆ. ಆ ಮಾತು ವಿಮರ್ಶೆಯಾಗಿಯೇ ಉಳಿಯಬೇಕಾದರೆ ಏನನ್ನು ನೋಡಬೇಕು, ಹೇಗೆ ಬರೆಯಬೇಕು, ಬೇರೆಯವರು ಹದ ತಪ್ಪಿದಾಗ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಮೊದಲು ಮಾಡಬೇಕಾದ ಕೆಲಸವೆಂದರೆ, ನಿಮ್ಮ ಮನಸ್ಸಿನಲ್ಲಿರುವ ಪಾತ್ರ ಯಾವ ಆಟದ್ದು ಎಂದು ಗೊತ್ತುಮಾಡಿಕೊಳ್ಳುವುದು. ‘ಮೂಲಕ್ಕೆ ನಿಷ್ಠೆ ಇಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. 1996ರಲ್ಲಿ ಇಂಗ್ಲೆಂಡಿನ ಡರ್ಬಿ ನಗರದ ಕೋರ್ ಡಿಸೈನ್ ಸಂಸ್ಥೆಯಲ್ಲಿ ಟೋಬಿ ಗಾರ್ಡ್ ರೂಪಿಸಿದ ಲಾರಾ, ಅಂದಿನ ಯಂತ್ರಗಳ ಮಿತಿಯೊಳಗೆ ಕೋನಾಕಾರದ ಚೂರುಗಳನ್ನು ಜೋಡಿಸಿ ಮಾಡಿದ ಗೊಂಬೆ. ವ್ಯಂಗ್ಯಚಿತ್ರದಂತೆ ಅವಳ ಮೈಯನ್ನು ಬೇಕೆಂದೇ ಉತ್ಪ್ರೇಕ್ಷಿಸಲಾಗಿತ್ತು, ಜಾಹೀರಾತಿನವರು ಆ ಉತ್ಪ್ರೇಕ್ಷೆಯನ್ನೇ ಅವಳ ಗುರುತಾಗಿ ಮಾರಿದರು. ಆ ಅಳತೆಗೆ ಜೀವಂತ ಹೆಣ್ಣೊಬ್ಬಳು ಸರಿಹೊಂದುವುದು ಎಷ್ಟು ಕಷ್ಟವೆಂದರೆ, 2001ರ ಚಿತ್ರದಲ್ಲಿ ಲಾರಾ ಆಗಿದ್ದ ಏಂಜೆಲಿನಾ ಜೋಲಿಯವರಿಗೂ ಎದೆಗೆ ಪ್ಯಾಡ್ ತೊಡಿಸಲಾಗಿತ್ತು. 2013ರಲ್ಲಿ ಕ್ರಿಸ್ಟಲ್ ಡೈನಾಮಿಕ್ಸ್ ಸಂಸ್ಥೆ, ರಿಯಾನಾ ಪ್ರಾಚೆಟ್ ಅವರ ಬರವಣಿಗೆಯೊಂದಿಗೆ ಆಟವನ್ನು ಹೊಸದಾಗಿ ಆರಂಭಿಸಿದಾಗ, ಅದರ ಲಾರಾ ಹಡಗು ಒಡೆದು ಯಮತಾಯಿ ಎಂಬ ದ್ವೀಪದಲ್ಲಿ ಸಿಕ್ಕಿಬಿದ್ದ, ಇನ್ನೂ ಪಳಗದ, ಸಾಧಾರಣ ಮೈಕಟ್ಟಿನ ತರುಣಿಯಾಗಿದ್ದಳು. ವಿಕಾಂಡರ್ ನಟಿಸಿದ ಚಿತ್ರಕ್ಕೆ ಆಧಾರವಾದದ್ದು ಈ ಆಟ. ಆದ್ದರಿಂದ 1996ರ ಗೊಂಬೆಯ ಅಳತೆ ಹಿಡಿದು ಆ ನಟಿಯನ್ನು ತಿರಸ್ಕರಿಸುವವರು ಮೂಲಕ್ಕೆ ನಿಷ್ಠರಾಗಿರುವುದಿಲ್ಲ, ಮೂಲ ಯಾವುದೆಂಬುದನ್ನೇ ತಪ್ಪು ತಿಳಿದಿರುತ್ತಾರೆ.

ಎರಡನೆಯದಾಗಿ, ನೀವು ಬರೆಯಹೊರಟ ಆಕ್ಷೇಪವನ್ನು ಒಬ್ಬ ಗಂಡು ನಟನ ಮೇಲಿಟ್ಟು ಓದಿ ನೋಡಿ. ವಿಡಿಯೊ ಗೇಮಿನಿಂದಲೇ ಬಂದ 2022ರ ‘ಅನ್‌ಚಾರ್ಟೆಡ್’ ಚಿತ್ರದಲ್ಲಿ ನಾಯಕ ನೇಥನ್ ಡ್ರೇಕ್ ಆಗಿ ಟಾಮ್ ಹಾಲೆಂಡ್ ಆಯ್ಕೆಯಾದಾಗ, ಆಟದ ಡ್ರೇಕ್ ಅನುಭವಿ, ಈತ ತೀರಾ ಎಳೆಯ ಎಂಬ ದೂರು ಬಂತು. ಆಟದಲ್ಲಿ ಮೀಸೆ ಹೊತ್ತ, ಡ್ರೇಕ್‌ನ ಜೊತೆಗಾರ ಸಲಿಯ ಪಾತ್ರದ ಮಾರ್ಕ್ ವಾಲ್‌ಬರ್ಗ್‌ಗೆ ಮೀಸೆ ಇಲ್ಲವೆಂಬ ಗೊಣಗಾಟವೂ ಇತ್ತು. (ಮೀಸೆಯ ವಿಷಯದಲ್ಲಿ ನಾನೂ ಗೊಣಗಿದವರ ಪಕ್ಷ.) ಈ ದೂರುಗಳಲ್ಲಿ ಹುರುಳಿರಲಿ ಬಿಡಲಿ, ಅವು ಪಾತ್ರದ ಬಗ್ಗೆ ಇದ್ದವು, ಆ ನಟರನ್ನು ನೋಡಲು ನಮಗೆ ಹಿತವೇ ಎಂಬ ಪ್ರಶ್ನೆ ಅವುಗಳ ತಳದಲ್ಲಿ ಇರಲಿಲ್ಲ. ಆಟವೊಂದನ್ನೇ ಆಧರಿಸಿದ 2024ರ ‘ಬಾರ್ಡರ್‌ಲ್ಯಾಂಡ್ಸ್’ ಚಿತ್ರದಲ್ಲಿ ಇದೇ ಪರೀಕ್ಷೆ ಸ್ವಲ್ಪ ಸೂಕ್ಷ್ಮವಾಗುತ್ತದೆ. ಲಿಲಿತ್ ಪಾತ್ರಕ್ಕೆ ಕೇಟ್ ಬ್ಲಾಂಚೆಟ್ ಅವರ ವಯಸ್ಸು ಹೆಚ್ಚಾಯಿತು ಎಂಬ ಮಾತೂ, ಸೈನಿಕ ರೋಲಂಡ್ ಪಾತ್ರಕ್ಕೆ ಕೆವಿನ್ ಹಾರ್ಟ್ ಒಪ್ಪುವುದಿಲ್ಲ ಎಂಬ ಮಾತೂ ಕೇಳಿಬಂದವು. ವಯಸ್ಸು ಕಥೆಗೆ ಎಲ್ಲಿ ಅಡ್ಡ ಬರುತ್ತದೆ ಎಂದು ದೃಶ್ಯವನ್ನೆತ್ತಿ ತೋರಿಸಬಲ್ಲವರು ಧಾರಾಳವಾಗಿ ತೋರಿಸಲಿ. ತೋರಿಸಲಾಗದೆ ‘ಅಜ್ಜಿ’ ಎಂದು ನಕ್ಕು ಮುಗಿಸುವವರಿಗೆ ಚಿತ್ರದ ಬಗ್ಗೆ ಹೇಳಲು ಏನೂ ಇರುವುದಿಲ್ಲ.

ದೇಹದ ಬಗ್ಗೆ ಮಾತೇ ಆಡಬಾರದು ಎಂದು ಇದರ ಅರ್ಥವಲ್ಲ. ಈ ಭಾಗವೇ ಕಠಿಣವಾದ್ದರಿಂದ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 2020ರಲ್ಲಿ ಬಂದ ‘ದಿ ಲಾಸ್ಟ್ ಆಫ್ ಅಸ್’ ಆಟದ ಎರಡನೆಯ ಭಾಗದಲ್ಲಿ ಆ್ಯಬಿ ಎಂಬವಳು ಹುರಿಗಟ್ಟಿದ ತೋಳುಗಳ ಹೆಣ್ಣು. ಇಂಥ ಮೈಕಟ್ಟು ಹೆಂಗಸರಿಗೆ ಇರುವುದೇ ಇಲ್ಲ ಎಂದು ಆಗ ಅನೇಕರು ಹೀಗಳೆದರು, ಅವಳ ಮೈಗೆ ಮಾದರಿಯಾಗಿದ್ದವರು ನಿಜವಾದ ಒಬ್ಬ ಕ್ರೀಡಾಪಟುವಾಗಿದ್ದರೂ ಸಹ. ಪಾತ್ರಕ್ಕೆ ದನಿ ಕೊಟ್ಟ ಲಾರಾ ಬೈಲಿಯವರಿಗೆ ಕೊಲೆ ಬೆದರಿಕೆಗಳೂ ಬಂದವು. 2025ರ ಟಿ.ವಿ. ಸರಣಿಯಲ್ಲಿ ತೆಳ್ಳನೆಯ ಕೇಟ್ಲಿನ್ ಡೆವರ್ ಅದೇ ಪಾತ್ರದಲ್ಲಿ ಬಂದಾಗ ದೂರು ತಿರುಗುಮುರುಗಾಯಿತು: ಈಕೆಗೆ ತೋಳೇ ಇಲ್ಲವಂತೆ. ಇಲ್ಲಿ ನ್ಯಾಯವಾದ ಒಂದು ಆಕ್ಷೇಪವೂ ಇದೆ. ಆಟದಲ್ಲಿ ಆ ತೋಳುಗಳು ಕಥೆಯ ಒಂದು ಭಾಗ. ತಂದೆಯನ್ನು ಕಳೆದುಕೊಂಡವಳು ಸೇಡಿಗಾಗಿ ವರ್ಷಗಟ್ಟಲೆ ತನ್ನನ್ನು ತಾನು ಹುರಿಗೊಳಿಸಿಕೊಂಡದ್ದನ್ನು ಅವು ಮಾತಿಲ್ಲದೆ ಹೇಳುತ್ತವೆ. ಸರಣಿಯು ಆ ತೋಳುಗಳನ್ನು ಕೈಬಿಟ್ಟಾಗ, ಆ ಕೆಲಸವನ್ನು ಬೇರೆ ಯಾವುದರಿಂದ ಮಾಡಿಸಿತು, ಅದು ಸಾಕಾಯಿತೇ ಎಂದು ಕೇಳುವುದು ಒಳ್ಳೆಯ ವಿಮರ್ಶೆ. ಆಟದ ಆ್ಯಬಿಯನ್ನು ‘ಗಂಡುಬೀರಿ’ ಎನ್ನುವುದು ಬೈಗುಳ. ನಮ್ಮ ಭಾಷೆಯಲ್ಲಿ ಈ ಪದ ಸಲೀಸಾಗಿ ನಾಲಿಗೆಗೆ ಬಂದುಬಿಡುತ್ತದೆ, ಬಳಸುವವರಿಗೆ ತಾವು ಬೈಯುತ್ತಿದ್ದೇವೆಂಬ ಅರಿವೂ ಇರುವುದಿಲ್ಲ. ಆದ್ದರಿಂದ ಕನ್ನಡದಲ್ಲಿ ಬರೆಯುವವರು ಇದರ ಬಗ್ಗೆ ವಿಶೇಷವಾಗಿ ಎಚ್ಚರ ವಹಿಸಬೇಕು.

ಬರೆಯುವಾಗ ದೃಶ್ಯವೊಂದನ್ನು ಆಧಾರವಾಗಿ ಹಿಡಿಯುವುದು ಸುಲಭವಾದ ಉಪಾಯ. ‘ಈಕೆ ಲಾರಾ ತರಹ ಕಾಣುವುದಿಲ್ಲ’ ಎಂಬ ವಾಕ್ಯದಿಂದ ಓದುವವರಿಗೆ ಏನೂ ದಕ್ಕುವುದಿಲ್ಲ. ಅದರ ಬದಲು, ಜಲಪಾತದ ಅಂಚಿನಲ್ಲಿ ಸಿಕ್ಕಿಕೊಂಡ ತುಕ್ಕು ಹಿಡಿದ ವಿಮಾನದ ದೃಶ್ಯವನ್ನು ತೆಗೆದುಕೊಳ್ಳಿ. ಅದು 2013ರ ಆಟದಲ್ಲೂ ಇದೆ, 2018ರ ಚಿತ್ರದಲ್ಲೂ ಇದೆ. ಎರಡನ್ನೂ ಒಂದರ ಹಿಂದೊಂದು ನೋಡಿದರೆ, ಜೋತುಬಿದ್ದ ಕೈಯ ನಡುಕ, ಏದುಸಿರು, ಭಯ, ಆ ಭಯದ ನಡುವೆಯೂ ಮುಂದಿನ ಹಿಡಿತವನ್ನು ಹುಡುಕುವ ಕಣ್ಣು ನಟಿಯಲ್ಲಿ ಎಷ್ಟರಮಟ್ಟಿಗೆ ಬಂದಿವೆ ಎಂದು ಯಾರು ಬೇಕಾದರೂ ಹೇಳಬಹುದು. ನನ್ನ ಅಭಿಪ್ರಾಯದಲ್ಲಿ ವಿಕಾಂಡರ್ ಅಲ್ಲಿ ಗೆದ್ದಿದ್ದಾರೆ; ಸೋತದ್ದು ಚಿತ್ರಕಥೆ, ಏಕೆಂದರೆ ಅದು ಲಾರಾಳ ಪ್ರತಿಯೊಂದು ಹೆಜ್ಜೆಯನ್ನೂ ಅವಳ ತಂದೆಯ ನೆರಳಿಗೇ ಕಟ್ಟಿಹಾಕುತ್ತದೆ. ಇದನ್ನು ಒಪ್ಪದವರು ಇನ್ನೊಂದು ದೃಶ್ಯ ತೋರಿಸಿ ವಾದಿಸಬಹುದು, ಹಾಗೆ ವಾದ ಬೆಳೆಯುತ್ತದೆ.

ಗಲ್ಲಾಪೆಟ್ಟಿಗೆಯನ್ನು ಸಾಕ್ಷಿಗೆ ಕರೆಯುವವರು ಸಿಕ್ಕೇ ಸಿಗುತ್ತಾರೆ. ಜೋಲಿಯವರ 2001ರ ಚಿತ್ರವೂ ವಿಕಾಂಡರ್ ಅವರ 2018ರ ಚಿತ್ರವೂ ಜಗತ್ತಿನಾದ್ಯಂತ ಗಳಿಸಿದ್ದು ಹೆಚ್ಚುಕಡಿಮೆ ಒಂದೇ ಮೊತ್ತ, ಸುಮಾರು 27 ಕೋಟಿ ಡಾಲರ್. ನಡುವಿನ 17 ವರ್ಷಗಳಲ್ಲಿ ಟಿಕೆಟ್ ದರ ಏರಿದೆ ಎಂದು ಅವರು ಹೇಳಿದರೆ ಒಪ್ಪಿಕೊಳ್ಳಿ, ಅದು ನಿಜ. ಆದರೆ ಅದೇ ಜೋಲಿ, ಅದೇ ಪಾತ್ರದಲ್ಲಿ 2003ರಲ್ಲಿ ಮಾಡಿದ ಎರಡನೆಯ ಚಿತ್ರದ ಗಳಿಕೆ ಸುಮಾರು 16 ಕೋಟಿಗೆ ಇಳಿದದ್ದನ್ನು ಎದೆಯಳತೆಯಿಂದ ವಿವರಿಸಿ ಎಂದು ಕೇಳಿ.

ಇನ್ನು ಬೇರೆಯವರ ಮಾತಿಗೆ ಪ್ರತಿಕ್ರಿಯಿಸುವ ವಿಷಯ. ನಟಿಯ ರೂಪವನ್ನು ಯಾರಾದರೂ ಹೀಗಳೆದಾಗ ‘ಇಲ್ಲ, ಆಕೆ ಸುಂದರಿಯೇ’ ಎಂದು ಉತ್ತರಿಸುವುದು ಸದುದ್ದೇಶದ ತಪ್ಪು. ಹಾಗೆ ಮಾಡಿದರೆ ಅವರ ಅಳತೆಗೋಲನ್ನೇ ನೀವೂ ಒಪ್ಪಿಕೊಂಡಂತಾಯಿತು. ‘ಯಾವ ದೃಶ್ಯದಲ್ಲಿ ಹಾಗನಿಸಿತು?’ ಎಂಬ ಒಂದೇ ಪ್ರಶ್ನೆ ಸಾಕು. ನಿಜವಾದ ಬೇಸರ ಇದ್ದವರು ಉತ್ತರಿಸುತ್ತಾರೆ, ಕೆಣಕಲು ಬಂದವರು ಬೈದು ಹೊರಟುಹೋಗುತ್ತಾರೆ. ಅತೃಪ್ತಿ ತೋರಿದವರನ್ನೆಲ್ಲ ಸ್ತ್ರೀದ್ವೇಷಿಗಳೆಂದು ಕರೆಯುವುದೂ ಸಲ್ಲದು: 2017ರಲ್ಲಿ ಬಂದ ಪೋಸ್ಟರಿನಲ್ಲಿ ವಿಕಾಂಡರ್ ಅವರ ಕತ್ತು ವಿಚಿತ್ರವಾಗಿ ಉದ್ದವಾಗಿ ಕಂಡಾಗ ಜನ ನಕ್ಕದ್ದು ಪೋಸ್ಟರ್ ತಿದ್ದಿದವರ ಕೈಚಳಕವನ್ನು ಕಂಡು, ಆ ನಗು ನ್ಯಾಯವಾದದ್ದೇ. ಬೆದರಿಕೆಗಳ ಮಾತು ಬೇರೆ. ಅವುಗಳ ಜೊತೆ ವಾದಕ್ಕಿಳಿಯಬೇಡಿ, ಖಂಡಿಸುವ ನೆಪದಲ್ಲೂ ಅವನ್ನು ಹಂಚಬೇಡಿ, ದೂರು ದಾಖಲಿಸಿ.

ಮುಂದಿನ ಸಂದರ್ಭ ದೂರವಿಲ್ಲ. ಅಮೆಜಾನ್ ಸಂಸ್ಥೆಗಾಗಿ ಫೀಬಿ ವಾಲರ್-ಬ್ರಿಜ್ ಬರೆಯುತ್ತಿರುವ ಸರಣಿಗೆ ಸೋಫಿ ಟರ್ನರ್ ಹೊಸ ಲಾರಾ ಆಗಿ ಆಯ್ಕೆಯಾಗಿದ್ದಾರೆ. ಸರಣಿಯನ್ನು ನೋಡುವ ಮೊದಲು, ನಿಮಗೆ ಪ್ರಿಯವಾದ ಆಟದ ಮೊದಲ ಒಂದು ಗಂಟೆಯನ್ನು ಮತ್ತೊಮ್ಮೆ ಆಡಿ. ಲಾರಾ ಲಾರಾ ಆಗುವುದು ಯಾವುದರಿಂದ ಎಂದು ಮೂರು ಸಾಲು ಬರೆದಿಡಿ, ಮೂರೂ ಅವಳು ಮಾಡುವ ಕೆಲಸಗಳಾಗಿರಲಿ. ಮೊದಲ ಸಂಚಿಕೆ ಮುಗಿದ ಮೇಲೆ ಆ ಚೀಟಿಯನ್ನು ತೆರೆದು, ಅದರ ಕೆಳಗೆ ನಿಮ್ಮ ವಿಮರ್ಶೆಯನ್ನು ಆರಂಭಿಸಿ.