ತಲೆ ಕಡೆ ಒಂದು ಸ್ಟೂಲ್

ತಾಲೂಕು ಆಸ್ಪತ್ರೆ ಕ್ಯಾಶುವಾಲ್ಟಿಲಿ ನಾನು ಸ್ಟಾಫ್ ನರ್ಸ್ ಆಗಿ 11 ವರ್ಷ ಆಯ್ತು. ಅದ್ರಲ್ಲಿ ಮೊದಲ ಆರೇಳು ವರ್ಷ, ಮಗು ಸೀರಿಯಸ್ ಅಂತ ಎತ್ಕೊಂಡು ಬಂದ ತಕ್ಷಣ ನನ್ನ ಬಾಯಿಂದ ಬರ್ತಿದ್ದ ಫಸ್ಟ್ ಮಾತು "ಅಟೆಂಡರ್ಸ್ ಎಲ್ಲಾ ಆಚೆ ಹೋಗಿ". ಮಗೂನ ಸರಿಯಾಗಿ ನೋಡೋಕ್ಕೂ ಮುಂಚೆ ಈ ಮಾತು. ನಮ್ಮ ಸೀನಿಯರ್ಸ್ ಹಂಗೇ ಮಾಡ್ತಿದ್ರು, ನಾವೂ ಹಂಗೇ.

ನನ್ನ ತಲೆ ಕೆಡಿಸಿದ್ದು ಒಂದು ಜ್ವರದ ಫಿಟ್ಸ್ ಕೇಸು. ಎರಡು ವರ್ಷದ ಹುಡುಗಿ, ಬರೋ ಅಷ್ಟೊತ್ತಿಗೆ ಫಿಟ್ಸ್ ಶುರುವಾಗಿ ಐದು ನಿಮಿಷ ದಾಟಿತ್ತು, ಫಿಟ್ಸ್ ನಿಲ್ಲಿಸೋ ಮಿಡಾಜೋಲಮ್ ಸ್ಪ್ರೇ ಮೂಗಿಗೆ ಹೊಡೆದು, ಬಾಯಲ್ಲಿದ್ದ ಜೊಲ್ಲನ್ನ ಮೆಷಿನ್‌ನಿಂದ ಎಳೆದು (ಸಕ್ಷನ್) ಆಕ್ಸಿಜನ್ ಹಾಕಿದ್ವಿ, ನಿಲ್ತು, ಆಮೇಲೆ ಐವಿ ಲೈನ್ ಹಾಕುವಾಗ ಚುಚ್ಚಿದ್ದಕ್ಕೆ ಜೋರಾಗಿ ಕಿರುಚ್ಕೊಂಡ್ಳು. ನಮಗೆ ಆ ಕಿರುಚಾಟ ಕೇಳಿ ಸಮಾಧಾನ. ಆದ್ರೆ ಬಾಗಿಲಾಚೆ ನಿಂತಿದ್ದ ತಾಯಿಗೆ ಕೇಳಿಸಿದ್ದು ಮೊದಲು ಮೆಷಿನ್ ಗೊರಗೊರ ಸದ್ದು, ಆಮೇಲೆ ತುಂಬಾ ಹೊತ್ತು ಏನೂ ಇಲ್ಲ, ಆಮೇಲೆ ಇದ್ದಕ್ಕಿದ್ದಂಗೆ ಮಗು ಕಿರುಚಿದ್ದು, ಇಷ್ಟೇ. ಮಾರನೇ ದಿನ ವಾರ್ಡಿಗೆ ಹೋದ್ರೆ ಮಗು ಬಿಸ್ಕೆಟ್ ತಿಂತಾ ಕೂತಿತ್ತು. ಆ ಹುಡುಗಿ ತಾಯಿ ಮೆಲ್ಲಗೆ ಕೇಳಿದ್ಲು, "ಸಿಸ್ಟರ್, ನಿನ್ನೆ ಒಳಗೆ ಪಾಪೂಗೆ ಕರೆಂಟ್ ಕೊಟ್ರಾ?"

ರಾತ್ರಿ ಪೂರ್ತಿ ಹಂಗಂದ್ಕೊಂಡೇ ಕೂತಿದ್ಲಂತೆ.

ನಮ್ಮ ಮಕ್ಕಳ ಡಾಕ್ಟರ್ ಮೇಡಂ ಹತ್ರ ಇದನ್ನ ಹೇಳ್ದೆ. ಅವ್ರು ಹೇಳಿದ್ರು, ಅಮೆರಿಕದ ಮಿಷಿಗನ್‌ನಲ್ಲಿ ಫೂಟ್ ಅನ್ನೋ ಆಸ್ಪತ್ರೆ 1982ರಲ್ಲೇ ಸಿಪಿಆರ್, ಅಂದ್ರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡೋದು, ಮಾಡುವಾಗ ಮನೆಯವರನ್ನ ಒಳಗೆ ಬಿಡೋಕೆ ಶುರು ಮಾಡಿತ್ತಂತೆ. 2013ರಲ್ಲಿ ಫ್ರಾನ್ಸಿಂದ 570 ಜನ ಸಂಬಂಧಿಕರ ಮೇಲೆ ಮಾಡಿದ ಸ್ಟಡಿ ಬಂತು, ಸಿಪಿಆರ್ ನೋಡ್ತೀರಾ ಅಂತ ಕೇಳಿಸ್ಕೊಂಡವರಿಗೆ ಮೂರು ತಿಂಗಳಾದ್ಮೇಲೆ ಮಾನಸಿಕ ಆಘಾತದ ಲಕ್ಷಣ ಉಳಿದವರಿಗಿಂತ ಕಮ್ಮಿ ಇತ್ತಂತೆ. ಅದು ದೊಡ್ಡವರದ್ದು, ಅದೂ ಮನೇಲಿ ನಡೆದ ಸಿಪಿಆರ್. ಫ್ರಾನ್ಸಲ್ಲಿ ಒಂದು ಪೇಷೆಂಟ್ ಹಿಂದೆ 15 ಜನ ಟಾಟಾ ಏಸ್ ಹತ್ಕೊಂಡು ಬರಲ್ಲ ಅಂತ ನಮ್ಮ ಬ್ರದರ್ (ಗಂಡು ನರ್ಸ್) ಒಬ್ರು ನಕ್ಕರು. ಭಯಾನೂ ಸುಳ್ಳಲ್ಲ ಬಿಡಿ, ಡಾಕ್ಟರ್ ಮೇಲೆ ಕೈ ಮಾಡಿದ್ರೆ ಕೇಸು ಅಂತ 2009ರ ಕಾಯ್ದೆ ಬೋರ್ಡು ನಮ್ಮ ಗೋಡೆ ಮೇಲೂ ಇದೆ, ಸುಮ್ನೆ ಹಾಕಿರಲ್ವಲ್ಲ.

ಹಂಗಾಗಿ ಒಬ್ರನ್ನ ಮಾತ್ರ ಬಿಡೋದು ಅಂತ ಮಾಡ್ಕೊಂಡ್ವಿ. ಯಾರು ಅಂತ ನಾವಲ್ಲ, ಅವ್ರೇ ಹೇಳ್ಬೇಕು, ಒಂದೊಂದ್ಸಲ ಅಮ್ಮ ಬೇಡ ಅಂದು ಅಜ್ಜೀನ ಕಳಿಸ್ತಾರೆ. ಬರಲ್ಲ ಅಂದ್ರೂ ತಪ್ಪಿಲ್ಲ, ಬಲವಂತ ಇಲ್ಲ. ಮೊಬೈಲ್ ಜೇಬಲ್ಲಿ. ನಿಲ್ಲೋ ಜಾಗ ಮಗು ತಲೆ ಕಡೆ, ಎಡಕ್ಕೆ, ಬಲಗಡೆ ನಮ್ಮ ಟ್ರಾಲಿ. ಕೈಯಲ್ಲಿ ಒತ್ತಿ ಉಸಿರು ಕೊಡೋ ಅಂಬು ಬ್ಯಾಗ್ ಹಿಡಿಯೋರು ತಲೆ ಕಡೆ ಬಂದ್ರೆ ಮನೆಯವರನ್ನ ಕಾಲ ಕಡೆಗೆ ಕಳಿಸ್ತೀವಿ. ಎಲ್ಲಕ್ಕಿಂತ ಮುಖ್ಯ ನಮ್ಮಲ್ಲಿ ಒಬ್ರು ಅವ್ರ ಪಕ್ಕಾನೇ ಇರ್ಬೇಕು, ಬೇರೆ ಕೆಲಸ ಏನೂ ಇಲ್ಲ, ಈಗ ಸೂಜಿ ಹಾಕ್ತಾರೆ, ಈಗ ಅಳುತ್ತೆ, ಅಳಲಿ ಬಿಡಮ್ಮ ಅಂತ ಹೇಳ್ತಾ ಇರೋದೇ ಕೆಲಸ. ನೈಟ್ ಡ್ಯೂಟಿಲಿ ಇಬ್ರೇ ಇದ್ದಾಗ ಇದು ಆಗಲ್ಲ, ಆಗ ನಾನು ಒಳಗೆ ಬಿಡಲ್ಲ, ಬಾಗಿಲು ಅರ್ಧ ತೆಗೆದು ಕೂಗಿ ಹೇಳ್ತಿರ್ತೀನಿ.

ಮಗೂನ ಅದುಮಿ ಹಿಡ್ಕೊಳೋ ಕೆಲಸ ಮಾತ್ರ ತಾಯಿಗೆ ಕೊಡ್ಬಾರ್ದು. ಮೊದಮೊದಲು ಜನ ಕಮ್ಮಿ ಅಂತ ನಾನೂ ಕೊಟ್ಟಿದ್ದೆ, ಒಂದು ಮಗು ಆಮೇಲೆ ಸಂಜೆವರೆಗೂ ಅಮ್ಮನ ಹತ್ರ ಹೋಗ್ಲಿಲ್ಲ. ಹಿಡ್ಕೊಳೋದು ನಾವು, ಅವ್ರು ಮಾತಾಡ್ಲಿ, ಕೆನ್ನೆ ಸವರಲಿ.

ಎಲ್ಲಾ ಕೇಸೂ ಬಿಸ್ಕೆಟ್ ತಿನ್ನೋವರೆಗೆ ಬರಲ್ಲ. ಕೃಷಿ ಹೊಂಡಕ್ಕೆ ಬಿದ್ದಿದ್ದ ಐದು ವರ್ಷದ ಹುಡುಗ, ಬಂದಾಗ್ಲೇ ಪಲ್ಸ್ ಇಲ್ಲ. ಹದಿನೈದು ಸಲ ಎದೆ ಒತ್ತೋದು, ಎರಡು ಸಲ ಅಂಬು, ಮತ್ತೆ ಹದಿನೈದು, ಹಿಂಗೇ ಮುಕ್ಕಾಲು ಗಂಟೆ. ಅವನ ತಾಯಿ ಕಾಲ ಕಡೆ ನಿಂತು ಸೆರಗಲ್ಲಿ ಅವನ ಕಾಲ್ಬೆರಳ ಸಂದೀಲಿದ್ದ ಕೆಸರು ಒರೆಸ್ತಾ ಇದ್ಲು, ಒಂದೊಂದೇ ಬೆರಳು ಬಿಡಿಸಿ. ಮೇಡಂ ನಿಲ್ಲಿಸಿದ್ಮೇಲೂ ಒರೆಸ್ತಾನೇ ಇದ್ಲು, ನಾವ್ಯಾರೂ ಬೇಡ ಅನ್ಲಿಲ್ಲ. ಆಚೆ ತುಂಬಾ ಜನ ಸೇರಿ ಗಲಾಟೆ ಶುರುವಾಗೋ ಥರ ಇತ್ತು, ಅವಳೇ ಹೋಗಿ ನಿಂತು "ಮಾಡಿದ್ರು, ನಾನು ನೋಡ್ದೆ" ಅಂದ್ಲು.

ಇನ್ನೊಂದು, ತಲೆಸುತ್ತಿ ಬೀಳೋದು ಯಾವಾಗ್ಲೂ ಅಪ್ಪಂದಿರೇ. ಮೊಣಕಾಲ ಕೆಳಗೆ ಮೂಳೆಗೆ ಸೂಜಿ ಹಾಕೋದು ನೋಡಿ ಆರಡಿ ಆಳು ಒಬ್ರು ಟ್ರಾಲಿ ಮೇಲೇ ಬಿದ್ರು, ಹಣೆಗೆ ಮೂರು ಸ್ಟಿಚ್. ಅವತ್ತಿಂದ ಒಳಗೆ ಬಿಡೋ ಮುಂಚೆ "ಅಣ್ಣ, ಊಟ ಆಗಿದ್ಯಾ?" ಅಂತ ಕೇಳ್ತೀನಿ, ಕೂರೋಕೆ ಒಂದು ಸ್ಟೂಲ್ ಇಟ್ಟಿದೀನಿ. ಕಸ ಗುಡಿಸೋ ಅಕ್ಕ ಅಡ್ಡ ಅಂತ ದಿನಾ ಬೆಳಗ್ಗೆ ಅದನ್ನ ಕಾರಿಡಾರಿಗೆ ಇಡ್ತಾರೆ, ನಾನು ದಿನಾ ವಾಪಸ್ ತಂದಿಡ್ತೀನಿ.